ಐದು ನಿಮಿಷದ ಹಾಡಿಗೆ ಎಷ್ಟು ಗಂಟೆ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ರೆಕಾರ್ಡಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು "ಮೈಕ್ ಬಗ್ಗೆ ಬೇಡ, ದುಡ್ಡಿನ ಬಗ್ಗೆ ಮಾತಾಡಿ" ಎಂದರು. ಒಳ್ಳೆಯದೇ ಆಯಿತು. ಮೈಕ್ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಕಾಸರಗೋಡಿನಲ್ಲಿ ಕೂತು ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಭಕ್ತಿಗೀತೆಗೆ ಎಷ್ಟು ಕೇಳಬೇಕು, ತಾಳಮದ್ದಳೆಗೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನಕ್ಕೆ) ಎಷ್ಟು, ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಎಷ್ಟು ಎಂದು ಹೇಳುವ ವಿಡಿಯೋ ನಾನಂತೂ ಕಂಡಿಲ್ಲ. ಇರುವುದೆಲ್ಲ ಮುಂಬೈಯದ್ದೋ ಅಮೆರಿಕದ್ದೋ. ಅಲ್ಲಿನ ಅಂಕಿ ಇಲ್ಲಿ ಹೇಳಿದರೆ ದೇವಸ್ಥಾನ ಸಮಿತಿಯವರು ಚಾ ಕುಡಿಸಿ ಮರ್ಯಾದೆಯಲ್ಲಿ ಕಳಿಸಿಕೊಡುತ್ತಾರೆ.

ನಾನು ಇವತ್ತು ಒಂದು ರೇಟ್ ಕಾರ್ಡ್ ಕೊಡುತ್ತೇನೆ ಎಂದುಕೊಂಡು ಬಂದಿದ್ದರೆ, ಅದು ಸಿಗುವುದಿಲ್ಲ. ನಾನು ಹೇಳುವ ಅಂಕಿಗಳೆಲ್ಲ ಲೆಕ್ಕ ಹಾಕುವ ದಾರಿ ತೋರಿಸಲಿಕ್ಕೆ. ನಿಮ್ಮ ಮನೆಯ ಖರ್ಚು, ನಿಮ್ಮ ಸಾಮಾನು, ನಿಮ್ಮ ವೇಗ ಹಾಕಿ ನೀವೇ ಲೆಕ್ಕ ಮಾಡಬೇಕು.

ಗಂಟೆ ಲೆಕ್ಕ ನಮ್ಮೂರಿನವರಿಗೆ ಹೊಸದೇನಲ್ಲ. ತೋಟಕ್ಕೆ ಜೆಸಿಬಿ ಬಂದರೆ ಗಂಟೆಗೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ. ಸ್ವಲ್ಪ ಚೌಕಾಸಿ ಮಾಡಬಹುದು, ಆದರೆ ಕೊಡುತ್ತಾರೆ. ಯಾಕೆ ಹೇಳಿ? ಯಜಮಾನರು ಬದಿಯಲ್ಲೇ ನಿಂತು ನೋಡುತ್ತಿರುತ್ತಾರೆ. ಗಾಡಿ ಎಷ್ಟು ಹೊತ್ತಿಗೆ ಶುರು ಆಯಿತು, ಡ್ರೈವರ್ ಎಷ್ಟು ಹೊತ್ತು ಬೀಡಿ ಸೇದಿದ, ಎಷ್ಟು ಮಣ್ಣು ಎದ್ದಿತು, ಎಲ್ಲ ಕಣ್ಣಿಗೆ ಕಾಣುತ್ತದೆ. ನಮ್ಮ ಕೆಲಸ ಹಾಗಲ್ಲ. ಅರ್ಧಕ್ಕಿಂತ ಜಾಸ್ತಿ ಕೆಲಸ ನಡೆಯುವುದು ಗಿರಾಕಿ ಮನೆಗೆ ಹೋದ ಮೇಲೆ. ಅವರು ಕಾಣದ ಗಂಟೆಗಳಿಗೆ ನಾವು ಬಿಲ್ ಕೊಟ್ಟರೆ ಅವರಿಗೆ ಸಂಶಯ ಬರುವುದು ಸಹಜ. ಕೊಡದಿದ್ದರೆ ನಷ್ಟ ನಮಗೆ.

ಹಾಗಾಗಿ ನನ್ನ ಪದ್ಧತಿ ಇಷ್ಟೇ. ಗಿರಾಕಿಯ ಎದುರಿಗೆ ನಡೆಯುವ ಕೆಲಸಕ್ಕೆ ಗಂಟೆ ಲೆಕ್ಕ. ಅವರು ಹೋದ ಮೇಲೆ ನಡೆಯುವ ಕೆಲಸಕ್ಕೆ ಗುತ್ತಿಗೆ, ಅಂದರೆ ಒಟ್ಟು ಮೊತ್ತ. ಆದರೆ ಆ ಗುತ್ತಿಗೆಯ ಮೊತ್ತ ಹುಟ್ಟುವುದೂ ಅದೇ ಗಂಟೆಯ ದರದಿಂದ. ಗಿರಾಕಿಗೆ ಅದು ಗೊತ್ತಿರಬೇಕಾಗಿಲ್ಲ, ನಿಮಗೆ ಗೊತ್ತಿರಲೇಬೇಕು.

ಒಂದು ಹಾಡು ತೆಗೆದುಕೊಳ್ಳೋಣ. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಐದು ನಿಮಿಷದ ಭಕ್ತಿಗೀತೆ. ಕೀಬೋರ್ಡ್ ಟ್ರ್ಯಾಕ್ ಅವರೇ ಮಾಡಿಸಿಕೊಂಡು ತರುತ್ತಾರೆ. ಒಬ್ಬರು ಹಾಡುತ್ತಾರೆ, ಜೊತೆಗೆ ಮದ್ದಳೆ, ಕೊಳಲು. ಮೈಕ್ ಇಟ್ಟು, ಕೇಬಲ್ ಎಳೆದು, ಹೆಡ್‌ಫೋನಿಗೆ ಶ್ರುತಿ ಕೊಟ್ಟು ಸರಿಮಾಡಲಿಕ್ಕೆ ಒಂದು ಗಂಟೆ. ಹಾಡಲಿಕ್ಕೆ ಮೂರು ಗಂಟೆ. ವಾದ್ಯಗಳಿಗೆ ಎರಡು. ಇಲ್ಲಿಗೆ ಆರು ಗಂಟೆ. ಇದು ಎದುರಿಗೆ ನಡೆದದ್ದು. ಅವರು ಹೋದ ಮೇಲೆ ಒಳ್ಳೆಯ ಟೇಕ್ ಹುಡುಕಿ ಜೋಡಿಸಿ, ಉಸಿರು, ಕೆಮ್ಮು, ಶ್ರುತಿ ಎಲ್ಲ ನೋಡಲಿಕ್ಕೆ ನಾಲ್ಕು ಗಂಟೆ. ಮಿಕ್ಸಿಂಗ್, ಅಂದರೆ ಸ್ವರ, ವಾದ್ಯ ಎಲ್ಲ ಹದವಾಗಿ ಬೆರೆಸಲಿಕ್ಕೆ ಐದು. "ಸ್ವರ ಸ್ವಲ್ಪ ಮುಂದೆ ಬರಲಿ", "ಕೊಳಲು ಕೇಳುವುದಿಲ್ಲ" ಎಂಬ ತಿದ್ದುಪಡಿಗೆ ಎರಡು. ಫೈಲ್ ಮಾಡಿ, ಕಳಿಸಿ, ಬ್ಯಾಕಪ್ ತೆಗೆಯಲಿಕ್ಕೆ ಒಂದು. ಹನ್ನೆರಡು ಗಂಟೆ. ಒಟ್ಟು ಹದಿನೆಂಟು.

ಐದು ನಿಮಿಷಕ್ಕೆ ಹದಿನೆಂಟು ಗಂಟೆ. ಇದನ್ನು ಸಮಿತಿಯ ಕಾರ್ಯದರ್ಶಿಗೆ ಹೇಳಿ ನೋಡಿ. "ಐದೇ ನಿಮಿಷದ್ದಲ್ವಾ ಮಾರಾಯ?" ಅನ್ನುತ್ತಾರೆ. ಅವರದ್ದು ತಪ್ಪಲ್ಲ. ನಮ್ಮ ಹಿರಿಯರು ಕ್ಯಾಸೆಟ್ ಕಾಲದವರು. 60 ನಿಮಿಷದ ಕ್ಯಾಸೆಟ್, 90 ನಿಮಿಷದ ಕ್ಯಾಸೆಟ್ ಎಂದು ಕೊಂಡವರು. ಯಕ್ಷಗಾನ ಪ್ರಸಂಗವನ್ನೇ 90 ನಿಮಿಷಕ್ಕೆ ಕತ್ತರಿಸಿ ಕೇಳಿದವರು. ಉದ್ದ ನೋಡಿ ಬೆಲೆ ಕಟ್ಟುವ ಅಭ್ಯಾಸ ಅಲ್ಲಿಂದ ಬಂದಿರಬೇಕು ಎಂದು ನನ್ನ ಊಹೆ. ಅವರೊಡನೆ ವಾದ ಮಾಡಬೇಡಿ. ಹದಿನೆಂಟು ಗಂಟೆ ನಿಮ್ಮ ಪುಸ್ತಕದಲ್ಲಿರಲಿ. ಅವರ ಕೈಗೆ ಹೋಗುವ ಕಾಗದದಲ್ಲಿ "ರೆಕಾರ್ಡಿಂಗ್ ಆರು ಗಂಟೆ, ಮಿಕ್ಸಿಂಗ್ ಒಂದು ಹಾಡಿಗೆ ಇಷ್ಟು" ಎಂದಿರಲಿ. ಅವರು ಹೋದ ಮೇಲಿನ ಹನ್ನೆರಡು ಗಂಟೆಯೂ ಆ ಮಿಕ್ಸಿಂಗ್ ಮೊತ್ತದಲ್ಲೇ ಸೇರಿತು.

ಮಿಕ್ಸಿಂಗಿಗೆ ಗಂಟೆ ಲೆಕ್ಕ ಬೇಡ ಎನ್ನಲು ಇನ್ನೊಂದು ಕಾರಣ ಉಂಟು. ಹೊಸಬರು ನಿಧಾನ. ಹನ್ನೆರಡು ಗಂಟೆಯ ಕೆಲಸಕ್ಕೆ ನೀವು ಇಪ್ಪತ್ತು ಗಂಟೆ ಕೂರುತ್ತೀರಿ. ಆ ಎಂಟು ಗಂಟೆ ನೀವು ಕಲಿತದ್ದು. ಅದಕ್ಕೆ ಗಿರಾಕಿ ಯಾಕೆ ದುಡ್ಡು ಕೊಡಬೇಕು? ಎರಡು ವರ್ಷ ಕಳೆದ ಮೇಲೆ ಅದೇ ಕೆಲಸ ಏಳು ಗಂಟೆಯಲ್ಲಿ ಮುಗಿಯುತ್ತದೆ, ಹಾಡು ಮೊದಲಿಗಿಂತ ಚೆನ್ನಾಗಿಯೂ ಬರುತ್ತದೆ. ಗಂಟೆ ಲೆಕ್ಕವಾದರೆ ಆಗ ನಿಮಗೆ ಸಿಗುವುದು ಕಡಿಮೆ. ಕೆಲಸ ಕಲಿತವನಿಗೆ ಸಂಬಳ ಕಡಿಮೆ ಎಂದ ಹಾಗಾಯಿತು. ಗುತ್ತಿಗೆಯಾದರೆ ನಿಧಾನದ ನಷ್ಟವೂ ನಿಮ್ಮದು, ವೇಗದ ಲಾಭವೂ ನಿಮ್ಮದು.

ಸರಿ, ಗಂಟೆಯ ದರ ಎಷ್ಟು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನವರು ಇದನ್ನು ಪಕ್ಕದವನನ್ನು ಕೇಳಿ ಇಡುತ್ತಾರೆ. ಅವನು 500 ಎಂದರೆ ಇವನು 400. ಇನ್ನೊಬ್ಬ ಬಂದು 300. ಆ ಮೊದಲನೆಯವನಿಗೆ ಅಪ್ಪನ ಅಡಿಕೆ ತೋಟ ಇತ್ತೋ, ಕೋಣೆ ಸ್ವಂತದ್ದೋ, ಮೈಕ್ ಗಲ್ಫಿನಿಂದ ಅಣ್ಣ ತಂದುಕೊಟ್ಟದ್ದೋ ಯಾರೂ ಕೇಳುವುದಿಲ್ಲ.

ಕಾಗದ ತೆಗೆದುಕೊಳ್ಳಿ. ಮನೆಗೆ ತಿಂಗಳಿಗೆ 20,000 ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,40,000. ಕಂಪ್ಯೂಟರ್, ಮೈಕನ್ನು ಅದಕ್ಕೆ ಜೋಡಿಸುವ ಇಂಟರ್‌ಫೇಸ್, ಮೈಕ್, ಸ್ಪೀಕರ್ ಎಲ್ಲ ಸೇರಿ 2,40,000 ಹಾಕಿದ್ದೀರಿ, ನಾಲ್ಕು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 60,000. ಕರೆಂಟ್, ನೆಟ್, ಸಾಫ್ಟ್‌ವೇರ್, ಪೆಟ್ರೋಲ್, ಕೇಬಲ್ ರಿಪೇರಿ ತಿಂಗಳಿಗೆ 5,000, ವರ್ಷಕ್ಕೆ 60,000. ಜ್ವರ ಬಂದು ಮಲಗಿದರೆ, ಹಾರ್ಡ್ ಡಿಸ್ಕ್ ಸತ್ತರೆ, ವಿಮೆಗೆ ಎಂದು ಇನ್ನೊಂದು 60,000. ಒಟ್ಟು 4,20,000.

ಈಗ ಗಂಟೆಗಳು. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಕಿವಿಯನ್ನು ನಂಬಬಾರದು. ಆಮೇಲೆ ಮಾಡಿದ್ದನ್ನು ಮರುದಿನ ಹೇಗೂ ಬದಲಾಯಿಸುತ್ತೀರಿ. ಜೋರು ಮಳೆಯ ಎರಡು ತಿಂಗಳು ಬಿಡಿ. ನಮ್ಮಲ್ಲಿ ತಾರಸಿಯ ಮೇಲೆ ಶೀಟು ಹಾಕದ ಮನೆ ಯಾವುದುಂಟು? ಜುಲೈಯಲ್ಲಿ ಅದರಡಿ ಕೂತು ಯಾರ ಸ್ವರ ಹಿಡಿಯುತ್ತೀರಿ? ಉಳಿದ ಹತ್ತು ತಿಂಗಳು, ತಿಂಗಳಿಗೆ 22 ದಿನ, ದಿನಕ್ಕೆ ಆರು ಗಂಟೆ. 1,320 ಗಂಟೆ ಆಯಿತು. ಇದರಲ್ಲಿ ಅರ್ಧದಷ್ಟು ಫೋನಿಗೆ, ಓಡಾಟಕ್ಕೆ, ದುಡ್ಡು ವಸೂಲಿಗೆ ಹೋಗುತ್ತದೆ. ಬಿಲ್ ಬರೆಯಬಹುದಾದದ್ದು ಧಾರಾಳವಾಗಿ ಹೇಳಿದರೆ 700 ಗಂಟೆ. 4,20,000 ಅನ್ನು 700ರಿಂದ ಭಾಗಿಸಿ. ಗಂಟೆಗೆ 600 ರೂಪಾಯಿ.

ಇಲ್ಲಿಯವರೆಗೆ ಯಾವ ಪುಸ್ತಕವೂ ಹೇಳುತ್ತದೆ. ಕಷ್ಟ ಇರುವುದು ಮುಂದೆ. ಹೊಸಬರಿಗೆ ಮೊದಲ ವರ್ಷ 700 ಗಂಟೆ ಕೆಲಸ ಯಾರು ಕೊಡುತ್ತಾರೆ? 150 ಗಂಟೆ ಸಿಕ್ಕಿತು ಎಂದುಕೊಳ್ಳಿ. 4,20,000 ಅನ್ನು 150ರಿಂದ ಭಾಗಿಸಿದರೆ ಗಂಟೆಗೆ 2,800. ಈ ದರ ಹೇಳಿದರೆ ಆ 150 ಗಂಟೆಯೂ ಹೋಗುತ್ತದೆ. ಅಂದರೆ ಮೊದಲ ವರ್ಷದ ಕೊರತೆಯನ್ನು ದರ ಏರಿಸಿ ತುಂಬಿಸಲಿಕ್ಕೆ ಆಗುವುದಿಲ್ಲ. ಅದನ್ನು ಬೇರೆ ಕಡೆಯಿಂದ ತುಂಬಿಸಬೇಕು. ಸೌಂಡ್‌ನವರ ಜೊತೆ ಜಾತ್ರೆ ಕೆಲಸಕ್ಕೆ ಹೋಗಿ. ಮದುವೆ ವಿಡಿಯೋದವರಿಗೆ ಆಡಿಯೋ ಸರಿಮಾಡಿ ಕೊಡಿ. ಈಗ ಇರುವ ಉದ್ಯೋಗ ಬಿಡಬೇಡಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ಮಾತು ಆ ಲೆಕ್ಕದಲ್ಲೇ ಅಡಗಿದೆ, ಗಮನಿಸಿದ್ದೀರಾ? ಮನೆಯ ಖರ್ಚು ಬಿಡಿ, ಬರೀ ಸಾಮಾನು ಮತ್ತು ಓಡಾಟದ 1,20,000 ಅನ್ನೇ 150 ಗಂಟೆಗೆ ಹಂಚಿದರೆ ಗಂಟೆಗೆ 800 ಬೀಳುತ್ತದೆ. ಅಂದರೆ 600ಕ್ಕೆ ಕೆಲಸ ಮಾಡಿದರೆ ಪ್ರತಿ ಗಂಟೆಗೆ 200 ರೂಪಾಯಿ ನೀವೇ ಕೈಯಿಂದ ಕೊಟ್ಟು ದುಡಿದ ಹಾಗೆ! ಅದೇ 60,000 ರೂಪಾಯಿಯ ಸಾಮಾನಿನಲ್ಲಿ ಶುರು ಮಾಡಿದರೆ ವರ್ಷಕ್ಕೆ 15,000. ಓಡಾಟ, ಕರೆಂಟು 30,000ದಲ್ಲಿ ಹಿಡಿದರೆ ಒಟ್ಟು 45,000. ಇದನ್ನು 150ರಿಂದ ಭಾಗಿಸಿದರೆ ಗಂಟೆಗೆ 300. ದರ ಇಳಿಸಲು ಜಾಗ ಸಿಗುವುದು ಇಲ್ಲಿ, ಸಾಮಾನು ಕೊಳ್ಳುವ ದಿನ. ಗಿರಾಕಿಯ ಎದುರು ಕೂತಾಗ ಅಲ್ಲ. ಸಾಲ ಮಾಡಿ ದೊಡ್ಡ ಮೈಕ್ ತಂದವನು ಆಮೇಲೆ ಸಿಕ್ಕಿದ ರೇಟಿಗೆ ಓಡುತ್ತಾನೆ. ಕಂತು ಕಟ್ಟಬೇಕಲ್ವಾ?

ಹಾಗಾಗಿ ನಿಮ್ಮ ಹತ್ತಿರ ಎರಡು ಅಂಕಿ ಇರಲಿ. ಒಂದು ತಳ. ಸಣ್ಣ ಸಾಮಾನಿನ ನಮ್ಮ ಉದಾಹರಣೆಯಲ್ಲಿ 300. ಅದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹೋಗುತ್ತದೆ. ಇನ್ನೊಂದು ಪೂರ್ತಿ ದರ, 600. ಇದರಿಂದಲೇ ಜೀವನ ನಡೆಯಬೇಕಾದರೆ ಬೇಕಾದದ್ದು ಅಷ್ಟು. ಬಿಲ್ಲಿನಲ್ಲಿ ಯಾವಾಗಲೂ 600 ಎಂದೇ ಬರೆಯಿರಿ. ಕಡಿಮೆ ಮಾಡುವುದಿದ್ದರೆ ಅದರ ಕೆಳಗೆ ಇನ್ನೊಂದು ಸಾಲು: "ರಿಯಾಯಿತಿ ಇಷ್ಟು." ಸುಮ್ನೆ 400 ಎಂದು ಬರೆದರೆ ನಿಮ್ಮ ದರ 400 ಎಂದೇ ಊರಿಗೆ ತಿಳಿಯುತ್ತದೆ. ಬೆಳಿಗ್ಗೆ ಮಂಜೇಶ್ವರದಲ್ಲಿ ಹೇಳಿದ ರೇಟು ಸಂಜೆಗೆ ಮುಳ್ಳೇರಿಯಕ್ಕೆ ತಲುಪಿರುತ್ತದೆ. ನಮ್ಮಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಗಿರಾಕಿ ಬರುತ್ತಾರೆ. ಯಾವ ಭಾಷೆಯಲ್ಲಿ ಕೇಳಿದರೂ ಅಂಕಿ ಒಂದೇ ಇರಬೇಕು.

ಇಲ್ಲಿ ಒಬ್ಬ ಹುಡುಗಿ ಕೇಳಿದಳು, "ಮೊದಲ ಒಂದೆರಡು ಕೆಲಸ ಫ್ರೀ ಮಾಡಿಕೊಡಬಹುದಾ ಸರ್?" ಮಾಡಬಹುದು. ಆದರೆ ಬಿಲ್ ಕೊಟ್ಟೇ ಮಾಡಿ. ಆರು ಗಂಟೆ ರೆಕಾರ್ಡಿಂಗ್ 3,600, ಮಿಕ್ಸಿಂಗ್ 7,200, ಒಟ್ಟು 10,800, ರಿಯಾಯಿತಿ 10,800, ಕೊಡಬೇಕಾದದ್ದು ಸೊನ್ನೆ. ನಗಬೇಡಿ. ಆ ಕಾಗದ ಸಮಿತಿಯ ಫೈಲಿನಲ್ಲಿ ಕೂರುತ್ತದೆ. ಮುಂದಿನ ವರ್ಷ ಭಜನಾ ಮಂದಿರದವರು ಅವರನ್ನು ವಿಚಾರಿಸಿದಾಗ "ಹತ್ತು ಸಾವಿರದ ಕೆಲಸ, ನಮಗೆ ಹಾಗೇ ಮಾಡಿಕೊಟ್ಟಳು" ಅನ್ನುತ್ತಾರೆ. ಕಾಗದ ಇಲ್ಲದಿದ್ದರೆ "ಅವಳು ದುಡ್ಡು ತೆಗೆದುಕೊಳ್ಳುವುದಿಲ್ಲ" ಅನ್ನುತ್ತಾರೆ. ಇನ್ನೂ ಒಂದು. ಫ್ರೀ ಎಂದರೆ ನೀವು ಆರಿಸಿಕೊಂಡ ಕೆಲಸಕ್ಕೆ ಮಾತ್ರ. ನಿಮಗೆ ಚೆಂಡೆ ರೆಕಾರ್ಡ್ ಮಾಡಿ ಕಲಿಯಬೇಕು ಅನಿಸಿದೆ, ಒಂದು ಹಿಮ್ಮೇಳ ತಂಡವನ್ನು ನೀವೇ ಕರೆದು ಮಾಡಿ. ಬಂದವರಿಗೆಲ್ಲ ಫ್ರೀ ಎನ್ನುವುದು ಬೇರೆ.

ಸಂಬಂಧಿಕರ ಪ್ರಶ್ನೆಯೂ ಬಂತು. ಭಾವನ ಮಗಳ ಹಾಡು, ಮಾವನ ಊರಿನ ಭಜನೆ. ಇದಕ್ಕೆ ನನ್ನ ಬಳಿ ದೊಡ್ಡ ಉತ್ತರವಿಲ್ಲ. ತಳದ ದರಕ್ಕೆ ಮಾಡಿ, ಅಥವಾ ಪೂರ್ತಿ ಉಚಿತ ಮಾಡಿ. ನಡುವಿನ ದರ ಹೇಳಿದರೆ ಅವರಿಗೂ ಬೇಜಾರು, ನಿಮಗೂ ಬೇಜಾರು.

ಗಂಟೆ ಯಾವಾಗ ಶುರುವಾಗುತ್ತದೆ ಎಂಬುದಕ್ಕೆ ಬರುತ್ತೇನೆ. ದರಕ್ಕಿಂತ ಜಾಸ್ತಿ ಜಗಳ ಆಗುವುದು ಇದರಲ್ಲೇ. ಹತ್ತು ಗಂಟೆಗೆ ಎಂದವರು ಹನ್ನೊಂದಕ್ಕೆ ಬರುತ್ತಾರೆ. ಬಂದವರಿಗೆ ಚಾ ಆಗಬೇಕು. ಮದ್ದಳೆಯವರು ಶ್ರುತಿ ಮಾಡಬೇಕು. ಚರ್ಮದ ವಾದ್ಯಕ್ಕೆ ನಮ್ಮ ಕರಾವಳಿಯ ಹಸಿ ಗಾಳಿ ಆಗುವುದಿಲ್ಲ. ಹೊರಗೆ ಮಳೆ ಬಂತೆಂದರೆ ಶ್ರುತಿ ಇಳಿಯುತ್ತದೆ, ಒಳಗೆ ಎಸಿ ಹಾಕಿದಿರೆಂದರೆ ಇನ್ನೊಂದು ಥರ ಹೋಗುತ್ತದೆ. ಎರಡು ಟೇಕಿಗೊಮ್ಮೆ ಸುತ್ತಿಗೆ ಕೈಗೆತ್ತಿಕೊಳ್ಳಬೇಕು. ಈ ಹೊತ್ತು ಯಾರ ಲೆಕ್ಕ?

ನಾನು ಹೀಗೆ ಇಟ್ಟುಕೊಂಡಿದ್ದೇನೆ. ಹೇಳಿದ ಹೊತ್ತಿನಿಂದ ಕಾಲು ಗಂಟೆ ಬಿಟ್ಟು ಗಡಿಯಾರ ಶುರು. ಅವರು ಬಂದಿರಲಿ, ಬಾರದಿರಲಿ. ವಾದ್ಯ ಶ್ರುತಿ ಮಾಡುವುದು, ಹಾಡು ಬಾಯಿಪಾಠ ಆಗದೆ ಪುಸ್ತಕ ನೋಡಿ ತಡವರಿಸುವುದು, ರಾಗ ಹಾಕಿದವರೂ ಹಾಡುವವರೂ ಅಲ್ಲೇ ಕೂತು ಚರ್ಚೆ ಮಾಡುವುದು, ಎಲ್ಲ ಅವರ ಗಂಟೆ. ನನ್ನ ಕೇಬಲ್ ಕೈಕೊಟ್ಟರೆ, ಕಂಪ್ಯೂಟರ್ ನಿಂತರೆ, ಗಡಿಯಾರವೂ ನಿಲ್ಲುತ್ತದೆ. ನನ್ನ ಕೋಣೆಯಲ್ಲಿ ಕರೆಂಟ್ ಹೋದರೆ ಅದೂ ನನ್ನದು, ಇನ್ವರ್ಟರ್ ಇಡಬೇಕಾದವನು ನಾನು. ಅವರ ಸಭಾಭವನದಲ್ಲಿ ಹೋದರೆ ಅವರದ್ದು. ಊಟದ ಹೊತ್ತು ಯಾರದ್ದೂ ಅಲ್ಲ. ಇದನ್ನೆಲ್ಲ ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಬಿಲ್ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಒಂದು ಗಂಟೆಗೆ ಮಾತ್ರ ಬರುತ್ತೇವೆ ಎನ್ನುವವರೂ ಇದ್ದಾರೆ. ಒಂದು ಗಂಟೆಯ ಕೆಲಸ ನಿಮ್ಮ ಅರ್ಧ ದಿನ ತಿನ್ನುತ್ತದೆ. ಕನಿಷ್ಠ ಮೂರು ಗಂಟೆ, ಹೊರಗೆ ಹೋಗುವುದಾದರೆ ಅರ್ಧ ದಿನ ಎಂದು ಇಟ್ಟುಕೊಳ್ಳಿ. ಧ್ವನಿ ಕೊಡಲು ಬರುವವರು, ಅಂದರೆ ಜಾಹೀರಾತಿಗೆ ಒಂದು ನಿಮಿಷ ಓದುವವರು, ಇದಕ್ಕೆ ಅಪವಾದ. ಅವರಿಗೆ ಒಂದು ಓದಿಗೆ ಇಷ್ಟು ಎಂದರಾಯಿತು.

ತಾಳಮದ್ದಳೆ, ಯಕ್ಷಗಾನದ ವಿಚಾರ ಸ್ವಲ್ಪ ಬೇರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿದ್ದು ಇದನ್ನು ಬಿಟ್ಟರೆ ಆಗುವುದಿಲ್ಲ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳು ಜಾಸ್ತಿ. ಹಾಗಾಗಿ ನಮಗೆ ಪೂರ್ತಿ ಬಿಡುವು ಎಂಬ ತಿಂಗಳು ಇಲ್ಲ, ಕೋಣೆಯಲ್ಲಿ ಕೆಲಸ ಇಲ್ಲದಾಗ ಹೊರಗೆ ಸ್ವಲ್ಪ ಸಿಗುತ್ತದೆ. ಮೂರು ಗಂಟೆಯ ಕೂಟ ಎಂದು ಕರೆಯುತ್ತಾರೆ. ನೀವು ಎರಡು ಗಂಟೆ ಮೊದಲು ಹೋಗಬೇಕು, ಮುಗಿದ ಮೇಲೆ ಸುತ್ತಿ ಕಟ್ಟಲು ಒಂದು ಗಂಟೆ. ಆರು ಗಂಟೆ ಅಲ್ಲೇ ಹೋಯಿತು, ದಾರಿ ಬೇರೆ.

"ಸೌಂಡ್‌ನವರ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೊಳ್ಳಿ, ಮತ್ತೇನು ಕೆಲಸ?" ಎಂದು ಕೇಳುವವರಿದ್ದಾರೆ. ಚೆಂಡೆ ತನ್ನಷ್ಟಕ್ಕೇ ಸಭೆಗೆಲ್ಲ ಕೇಳುತ್ತದೆ, ಹಾಗಾಗಿ ಸೌಂಡ್‌ನವರು ಅದಕ್ಕೆ ಮೈಕ್ ಇಡುವುದೇ ಕಡಿಮೆ. ಆ ಲೈನಿನಲ್ಲಿ ಹಾಡುವ ಭಾಗವತರ ಸ್ವರ ಇರುತ್ತದೆ, ಚೆಂಡೆ ಎಲ್ಲೋ ದೂರದ ಗುಡ್ಡದಲ್ಲಿ ಬಡಿದ ಹಾಗಿರುತ್ತದೆ. ಸರಿಯಾಗಿ ಬರಬೇಕಾದರೆ ಭಾಗವತರಿಗೆ, ಮದ್ದಳೆಗೆ, ಚೆಂಡೆಗೆ, ಪಾತ್ರದ ಮಾತಾಡುವ ಒಬ್ಬೊಬ್ಬ ಅರ್ಥಧಾರಿಗೆ ಬೇರೆ ಬೇರೆ ಟ್ರ್ಯಾಕ್ ಬೇಕು. ಎಂಟು ಟ್ರ್ಯಾಕ್, ಒಳ್ಳೆಯ ಗುಣಮಟ್ಟಕ್ಕೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿದರೆ ಮೂರು ಗಂಟೆಗೆ ಸುಮಾರು 12 ಜಿಬಿ ತುಂಬುತ್ತದೆ. ಅದನ್ನು ಎರಡು ಕಡೆ ಕಾಪಿ ಮಾಡಬೇಕು. ಆಮೇಲೆ ಕೂತು ಕೇಳಬೇಕು. ಮೂರು ಗಂಟೆಯ ಕೂಟ ಕೇಳಲು ಮೂರು ಗಂಟೆ ಬೇಕೇ ಬೇಕು, ಎಂಥ ಕಂಪ್ಯೂಟರ್ ತಂದರೂ ಇದು ಕಡಿಮೆಯಾಗುವುದಿಲ್ಲ. ಇದನ್ನು ದಿನದ ಲೆಕ್ಕದಲ್ಲಿ ಹೇಳಿ, ರಾತ್ರಿ ಹನ್ನೆರಡು ದಾಟಿದರೆ ಗಂಟೆಗೆ ಇಷ್ಟು ಹೆಚ್ಚು ಎಂದು ಮೊದಲೇ ತಿಳಿಸಿ. ಕಾಲಮಿತಿ ಎಂದು ಶುರುವಾದದ್ದು ಕಾಲ ಮೀರುವುದನ್ನು ನಾವೆಲ್ಲ ನೋಡಿದ್ದೇವೆ.

ಹಕ್ಕಿನ ವಿಷಯ ಎರಡೇ ಮಾತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ನಿರ್ಮಾಪಕರದ್ದು. ಯಾರು ಮುಂದೆ ನಿಂತು ಜವಾಬ್ದಾರಿ ಹೊತ್ತು ಮಾಡಿಸಿದರೋ ಅವರು. ಕೂಲಿಗೆ ಮೈಕ್ ಇಟ್ಟವರಿಗೆ ತಾನಾಗಿ ಹಕ್ಕು ಬರುವುದಿಲ್ಲ. ಹಾಡಿದವರಿಗೆ, ಅರ್ಥ ಹೇಳಿದವರಿಗೆ ಅವರದ್ದೇ ಹಕ್ಕು ಉಂಟು. ಹಾಗಾಗಿ ಸಂಘಟಕರು ಕರೆದು ದುಡ್ಡು ಕೊಟ್ಟ ಕೂಟವನ್ನು ನಿಮ್ಮ ಯೂಟ್ಯೂಬ್ ಚಾನೆಲಿಗೆ ಹಾಕುವುದು ನಿಮ್ಮ ಇಷ್ಟವಲ್ಲ. "ದುಡ್ಡು ಕಡಿಮೆ ಕೊಡುತ್ತೇವೆ, ಚಾನೆಲಿಗೆ ನೀವೇ ಹಾಕಿಕೊಳ್ಳಿ" ಎಂದರೆ ಅದು ಒಂದು ವ್ಯವಹಾರ. ಕಲಾವಿದರನ್ನೂ ಕೇಳಿ, ಬರೆದುಕೊಂಡು ಮಾಡಿ. ಬಿಡಿ ಟ್ರ್ಯಾಕುಗಳನ್ನು ಕೊಡುತ್ತೀರಾ, ಎಷ್ಟು ತಿಂಗಳು ನಿಮ್ಮಲ್ಲಿ ಇಡುತ್ತೀರಿ ಎಂಬುದನ್ನೂ ಮೊದಲೇ ಹೇಳಿ. ಮೂರು ವರ್ಷ ಕಳೆದು "ಆ ಹಾಡಿನ ಫೈಲ್ ಉಂಟಾ?" ಎಂದು ಫೋನ್ ಬರುವುದು ಈ ಕೆಲಸದಲ್ಲಿ ಮಾಮೂಲು.

ತಿದ್ದುಪಡಿ. ಮೊತ್ತದಲ್ಲಿ ಎರಡು ಸಲ ಸೇರಿಸಿ, ಮೂರನೆಯದರಿಂದ ಗಂಟೆ ಲೆಕ್ಕ. ಎಲ್ಲರೂ ಒಟ್ಟಿಗೆ ಕೂತು ಕೇಳಿ ಒಬ್ಬರೇ ಪಟ್ಟಿ ಕಳಿಸಬೇಕು ಎನ್ನಿ. ಸಮಿತಿಯ ಹನ್ನೆರಡು ಜನ ಹನ್ನೆರಡು ಫೋನಿನಲ್ಲಿ ಕೇಳಿ ಒಬ್ಬೊಬ್ಬರು ವಾಯ್ಸ್ ಮೆಸೇಜ್ ಕಳಿಸಿದರೆ ನೀವು ಮುಗಿದಿರಿ. "ಇನ್ನೂ ಸ್ವಲ್ಪ ಜೋರು ಮಾಡಿ" ಎನ್ನುವುದು ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಯೂಟ್ಯೂಬ್, ಜೋರು ಅಳೆಯುವ ಲೆಕ್ಕದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ತಾನೇ ಇಳಿಸಿಬಿಡುತ್ತದೆ ಎಂದು ಒಮ್ಮೆ ಕೇಳಿಸಿ ತೋರಿಸಿದರೆ ಅರ್ಧ ಗಲಾಟೆ ಕಡಿಮೆ.

ಗಲ್ಫಿನಲ್ಲಿರುವ ನಮ್ಮವರು ಒಳ್ಳೆಯ ಗಿರಾಕಿಗಳು. ಮಾಪಿಳ್ಳೆ ಹಾಡಿಗೆ ಹೆಸರಾದ ಮೊಗ್ರಾಲ್ ನಮ್ಮ ಪಕ್ಕದಲ್ಲೇ ಉಂಟು, ಆ ಕಡೆಯ ಕೆಲಸವೂ ಬರುತ್ತದೆ. ಅಡ್ವಾನ್ಸ್ ಕೇಳಿದರೆ ಹೆಚ್ಚಾಗಿ ಬೇಸರಪಡುವುದಿಲ್ಲ. ಒಂದೇ ತೊಂದರೆ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್ ಎರಡೂವರೆ ಗಂಟೆ. ಅವರು ಕೆಲಸ ಮುಗಿಸಿ ಊಟ ಮಾಡಿ ಫೋನ್ ಎತ್ತುವಾಗ ಇಲ್ಲಿ ನಡುರಾತ್ರಿ. ಮಾತಾಡುವ ಹೊತ್ತನ್ನು ನೀವೇ ಹೇಳಿ. ಅರ್ಧ ದುಡ್ಡು ಮೊದಲು, ಉಳಿದದ್ದು ಪೂರ್ತಿ ಫೈಲ್ ಕೊಡುವ ಮೊದಲು. ಕೇಳಿಸಲಿಕ್ಕೆ ಎಂಪಿ3 ಕಳಿಸಿ, ಅದನ್ನೇ ಬಳಸಲಾಗದ ಹಾಗೆ ನಡುವೆ ಒಂದೆರಡು ಕಡೆ ಸ್ವರ ತಗ್ಗಿಸಿ. ಇದು ಗಲ್ಫಿನವರಿಗೆ ಮಾತ್ರವಲ್ಲ, ಎದುರು ಮನೆಯವರಿಗೂ ಸರಿ.

"ಮಂಗಳೂರಿನವರಿಗೆ ಜಾಸ್ತಿ ಹೇಳಬಹುದಾ?" ಎಂದು ಹಿಂದಿನ ಸಾಲಿನಿಂದ ಬಂತು. ದರ ಅದೇ ಇರಲಿ, ದಾರಿ ಸೇರಿಸಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಹೆದ್ದಾರಿಯಲ್ಲಿ ಎಷ್ಟು ಹೊತ್ತು ಎಂಬುದು ದೇವರಿಗೇ ಗೊತ್ತು. ಹೋಗಿ ಬರುವ ಹೊತ್ತಿಗೆ ಅರ್ಧ ದರ, ಮೇಲೆ ಪೆಟ್ರೋಲ್ ಎಂದು ಇಡಬಹುದು. ಅವರಲ್ಲಿ ಕೆಲವರು ಹೆದರಿಸುವುದುಂಟು, "ತಲಪಾಡಿ ದಾಟಿದರೆ ಬೇರೆ ರಾಜ್ಯ, ನಿಮಗೆ ಜಿಎಸ್‌ಟಿ ನಂಬರ್ ಬೇಕು" ಎಂದು. 2017ರ ಅಕ್ಟೋಬರಿನಿಂದ, ಬೇರೆ ರಾಜ್ಯಕ್ಕೆ ಸೇವೆ ಕೊಡುವ ಸಣ್ಣವರಿಗೂ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನಮ್ಮ 4,20,000 ಅಲ್ಲಿಂದ ಬಹಳ ದೂರ ಉಂಟು. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ವಸೂಲಿ ಮಾಡಬಾರದು, ಅಷ್ಟು ನೆನಪಿಡಿ. ಕಂಪನಿಯವರು ಟಿಡಿಎಸ್, ಅಂದರೆ ಆದಾಯ ತೆರಿಗೆಯ ಪಾಲು, ಮುರಿದು ಕೊಟ್ಟರೆ ಗಾಬರಿ ಬೇಡ. ಅದು ನಿಮ್ಮ ಪಾನ್ ನಂಬರಿಗೆ ಜಮೆಯಾಗಿರುತ್ತದೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಸ್ವಂತ ಕೋಣೆ ಇಲ್ಲದವರು ಬೇರೆಯವರ ಸ್ಟುಡಿಯೋ ಗಂಟೆ ಲೆಕ್ಕದಲ್ಲಿ ಹಿಡಿಯುತ್ತಾರೆ. ಆ ಬಾಡಿಗೆಯನ್ನು ನಿಮ್ಮ ದರದೊಳಗೆ ಮುಚ್ಚಿಡಬೇಡಿ. ಸ್ಟುಡಿಯೋ ಇಷ್ಟು, ನನ್ನದು ಇಷ್ಟು ಎಂದು ಎರಡು ಸಾಲು ಇರಲಿ. ನಾಳೆ ಸ್ಟುಡಿಯೋದವರು ಬಾಡಿಗೆ ಏರಿಸಿದರೆ ನಿಮ್ಮ ದರ ಏರಿತು ಎಂಬ ಮಾತು ಬರುವುದಿಲ್ಲ. ಗಿರಾಕಿ ತಡ ಮಾಡಿದಾಗ ಎರಡೂ ಮೀಟರ್ ಓಡುವುದು ಅವರಿಗೇ ಕಾಣುತ್ತದೆ.

ದರ ಯಾವಾಗ ಏರಿಸಬೇಕು? ನೀವು ಹೇಳಿದ ಕೂಡಲೇ ಎಲ್ಲರೂ "ಆಯ್ತು" ಎನ್ನುತ್ತಿದ್ದರೆ ಈಗಾಗಲೇ ತಡವಾಗಿದೆ. ನಾಲ್ವರಲ್ಲಿ ಒಬ್ಬರಾದರೂ "ಯೋಚಿಸಿ ಹೇಳುತ್ತೇವೆ" ಎನ್ನಬೇಕು. ಏರಿಸುವುದಾದರೆ ವರ್ಷಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ. ದೀಪಾವಳಿ ಕಳೆದು ಕಾರ್ಯಕ್ರಮಗಳ ಸಾಲು ಶುರುವಾಗುವ ಮೊದಲು ಒಳ್ಳೆಯದು. ಅಡ್ವಾನ್ಸ್ ತೆಗೆದುಕೊಂಡ ಕೆಲಸಕ್ಕೆ ಹಳೆಯ ದರವೇ. ಏರಿಸುವ ಮೊದಲು ನಿಮ್ಮ ಪುಸ್ತಕ ನೋಡಿ. ಯಾವ ಕೆಲಸಕ್ಕೆ ನಿಜವಾಗಿ ಎಷ್ಟು ಗಂಟೆ ಹೋಯಿತು ಎಂದು ಪ್ರತಿ ದಿನ ಬರೆದಿಟ್ಟರೆ ಮಾತ್ರ ಇದು ಸಾಧ್ಯ. ಮಕ್ಕಳ ಗುಂಪು ಹಾಡಿಗೆ ನೀವು ಹಾಕಿದ ಮೊತ್ತ ಪ್ರತಿ ಸಲ ಸೋರುತ್ತಿರಬಹುದು, ಒಬ್ಬರೇ ಹಾಡುವ ದೇವರನಾಮ ಅದನ್ನು ತುಂಬಿಕೊಡುತ್ತಿರಬಹುದು. ಏರಿಸಬೇಕಾದದ್ದು ಸೋರುವ ಕಡೆ, ಎಲ್ಲ ಕಡೆ ಅಲ್ಲ.

ಕೊನೆಗೆ ಫೋನ್. ಯಾರೇ ಮಾಡಿದರೂ ಮೊದಲ ಮಾತು "ಒಂದು ಹಾಡಿಗೆ ಎಷ್ಟಾಗ್ತದೆ?" ಎಂದೇ. ಆ ಕ್ಷಣ ಅಂಕಿ ಹೇಳಬೇಡಿ. ಎಷ್ಟು ಜನ ಹಾಡುತ್ತಾರೆ, ಯಾವ ವಾದ್ಯ, ಎಲ್ಲಿ ಮಾಡುವುದು, ಯಾವ ದಿನಕ್ಕೆ ಬೇಕು ಎಂದು ಕೇಳಿ. "ಸಂಜೆ ಬರೆದು ಕಳಿಸುತ್ತೇನೆ ಅಣ್ಣ" ಎಂದು ಇಡಿ. ಸಂಜೆ ಕಳಿಸುವುದು ಹೀಗಿದ್ದರೆ ಸಾಕು:

"ರೆಕಾರ್ಡಿಂಗ್ ಆರು ಗಂಟೆ, ಗಂಟೆಗೆ 600ರಂತೆ 3,600. ಮಿಕ್ಸಿಂಗ್ ಮತ್ತು ಎರಡು ತಿದ್ದುಪಡಿ ಸೇರಿ 7,200. ಒಟ್ಟು 10,800. ಆರು ಗಂಟೆ ದಾಟಿದರೆ ಮುಂದಿನ ಪ್ರತಿ ಗಂಟೆಗೆ 600. ಅರ್ಧ ಮೊದಲು, ಉಳಿದದ್ದು ಫೈಲ್ ಕೊಡುವ ಮೊದಲು. ಕಲಾವಿದರ ಸಂಭಾವನೆ ನಿಮ್ಮದು."

ಅವರು ಖಂಡಿತ ವಾಪಸ್ ಫೋನ್ ಮಾಡುತ್ತಾರೆ. "ಸ್ವಲ್ಪ ಕಡಿಮೆ ಮಾಡಿ, ದೇವರ ಕೆಲಸ ಅಲ್ವಾ" ಅನ್ನುತ್ತಾರೆ. ಆಗ ದರಕ್ಕೆ ಕೈ ಹಾಕಬೇಡಿ, ಕೆಲಸಕ್ಕೆ ಕೈ ಹಾಕಿ. "ಮಾಡೋಣ ಅಣ್ಣ. ಕೊಳಲು ಬಿಟ್ಟು ಮದ್ದಳೆ ಮಾತ್ರ ಇಟ್ಟರೆ ಒಂದು ಗಂಟೆ ಉಳಿಯುತ್ತದೆ, 600 ಕಡಿಮೆ. ಹಾಡುವವರು ಬಾಯಿಪಾಠ ಮಾಡಿಕೊಂಡು ಬಂದರೆ ಇನ್ನೂ ಒಂದು ಗಂಟೆ ಉಳಿದೀತು, ಅದೂ ನಿಮಗೇ. ಕೊಳಲು ಬೇಕಾ?"